ಅಂಗಿ ಮೂಸಿ ನೋಡಿದ ವರ್ಷ

ಹೋದ ವಾರ ಹರಿಹರಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಂಗಸು ತೊಡೆಯ ಮೇಲಿದ್ದ ಪೊಟ್ಟಣವನ್ನು ಸ್ವಲ್ಪವೇ ಬಿಚ್ಚಿ ನೋಡಿ ಮತ್ತೆ ಮುಚ್ಚಿದಳು. ದಾವಣಗೆರೆಯಿಂದ ಕಟ್ಟಿಸಿಕೊಂಡ ಬೆಣ್ಣೆ ದೋಸೆ. ಬಾಳೆ ಎಲೆ, ಅದರ ಮೇಲೆ ಕಾಗದ, ಕಾಗದ ದಾಟಿ ಬಂದ ಜಿಡ್ಡು. ಬಸ್ಸು ಇನ್ನೂ ಊರು ಬಿಟ್ಟಿರಲಿಲ್ಲ, ಆಗಲೇ ಹಿಂದಿನ ಸೀಟಿನವರೆಲ್ಲ ಮೂಗು ಅರಳಿಸುತ್ತಿದ್ದರು. ಅವರಿಗೆ ಬಾಯಲ್ಲಿ ನೀರು ಬಂದಿರಬೇಕು. ನನಗೆ ಮಾತ್ರ ನಮ್ಮ ಮನೆಯವರ ಅಂಗಿ ನೆನಪಾಯಿತು.

ಹತ್ತಿರ ಹತ್ತಿರ ಒಂದು ವರ್ಷ ನಾನು ಆ ಅಂಗಿಯನ್ನು ಮೂಸಿ ನೋಡಿದ್ದೇನೆ. ದಿನಾ ಸಂಜೆ, ಅವರು ಸ್ನಾನಕ್ಕೆ ಹೋದ ಮೇಲೆ, ಗೂಟಕ್ಕೆ ಹಾಕಿದ ಅಂಗಿಯ ತೋಳನ್ನು ಹಿಡಿದು ಪೊಲೀಸ್ ನಾಯಿಯ ಹಾಗೆ. ನಗುವವರು ನಗಲಿ. ಅನುಮಾನ ನನ್ನ ಹುಟ್ಟುಗುಣ, ಅದಕ್ಕೆ ನಾನು ನಾಚಿಕೊಂಡವಳಲ್ಲ. ಹಾಲಿನವನು ಕಾರಣವಿಲ್ಲದೆ ನಕ್ಕರೆ ಆ ದಿನ ಹಾಲಿಗೆ ನೀರು ಜಾಸ್ತಿ ಬಿದ್ದಿದೆ ಎಂದೇ ನನ್ನ ಲೆಕ್ಕ. ತರಕಾರಿ ತೂಗುವಾಗ ನಾನು ತಕ್ಕಡಿ ನೋಡುವುದಿಲ್ಲ, ತೂಗುವವನ ಕಣ್ಣು ನೋಡುತ್ತೇನೆ. ಅಂಥವಳಿಗೆ ಗಂಡನ ರಕ್ತದಲ್ಲಿ ಕೊಬ್ಬು ಜಾಸ್ತಿ ಇದೆ, ಹೊರಗಿನ ಎಣ್ಣೆ ಬೆಣ್ಣೆ ಮುಟ್ಟಬಾರದು ಎಂದು ಡಾಕ್ಟರು ಹೇಳಿದರೆ ಏನಾಗಬೇಕು? ಅದೇ ಆಯಿತು.

ಎಲ್ಲಾ ಶುರುವಾದದ್ದು ಶ್ರಾವಣದಲ್ಲಿ. ಕಾಲುವೆಗೆ ನೀರು ಬಿಟ್ಟಿದ್ದರು, ಭಾನುವಳ್ಳಿಯಲ್ಲಿ ನಾಟಿ ನಡೆದಿತ್ತು. ನಮ್ಮ ಭಾವ, ಅಂದರೆ ನಮ್ಮ ಮನೆಯವರ ಅಣ್ಣ, ನಾಟಿ ನೋಡಲು ಗದ್ದೆಗೆ ಹೋದವರು ಬದುವಿನ ಮೇಲೆ ಕೂತು, "ಯಾಕೋ ಭಾಳ ಬೆವರ್ತಾ ಐತೆ" ಅಂದರಂತೆ. ಅಷ್ಟೇ. ನೀರು ತರಲು ಹೋದವರು ತಿರುಗಿ ಬರುವಷ್ಟರಲ್ಲಿ ಮುಗಿದಿತ್ತು. ಒಂದು ದಿನವೂ ತಲೆನೋವು ಎಂದು ಮಲಗಿದವರಲ್ಲ.

ಮಣ್ಣು ಮುಗಿಸಿ ದಾವಣಗೆರೆಗೆ ಬಂದೆವು. ನಮ್ಮ ಮನೆ ದೇವರಾಜ ಅರಸು ಬಡಾವಣೆಯಲ್ಲಿ, ಇವರ ಅಂಗಡಿ ಹರಿಹರದಲ್ಲಿ, ಪಂಪ್‌ಸೆಟ್ಟಿನ ಸಾಮಾನು, ಪೈಪು ಮಾರುವ ವ್ಯಾಪಾರ. ಬಂದ ವಾರವೇ ಇವರನ್ನು ಎಳೆದುಕೊಂಡು ಡಾಕ್ಟರ ಹತ್ತಿರ ಹೋದೆ. ನಮ್ಮತ್ತೆಯನ್ನು ಕಡೆಯವರೆಗೆ ನೋಡಿಕೊಂಡ ಹೆಂಗಸು ಡಾಕ್ಟರು, ಇದೇ ಸೀಮೆಯವರು, ಮಾತು ಕಟುವಾದರೂ ಕೈಗುಣ ಒಳ್ಳೆಯದು. ರಕ್ತದ ರಿಪೋರ್ಟು ನೋಡಿ ಕನ್ನಡಕ ತೆಗೆದರು.

"ಟ್ರೈಗ್ಲಿಸರೈಡ್ ಅಂತ ಒಂದು ಕೊಬ್ಬು ಇರ್ತದೆ ಯಜಮಾನ್ರೆ. ನಿಮ್ದು ಇರಬೇಕಾದ್ದರ ದುಪ್ಪಟ್ಟು ಐತೆ. ಅಣ್ಣ ಹಿಂಗೆ ಹೋದ್ರು ಅಂತೀರಿ, ಅಂದ್ಮೇಲೆ ಹುಷಾರಾಗಿರ್ಬೇಕು. ರಾತ್ರಿ ಊಟ ಎಷ್ಟೊತ್ತಿಗೆ?"

"ಅಂಗಡಿ ಮುಚ್ಚಿ ಬಂದು, ಪೂಜೆ ಮುಗಿಸಿ... ಹತ್ತು ಆಗ್ತದ್ರಿ."

"ಹತ್ತಕ್ಕೆ ಹೊಟ್ಟೆ ತುಂಬ ಉಂಡು ಹಂಗೇ ಉರುಳಿದ್ರೆ ಆ ಕೊಬ್ಬು ಎಲ್ಲಿಗೆ ಹೋಗ್ಬೇಕು? ಏನು ತಿಂತೀರಿ ಅನ್ನೋದು ಒಂದು, ಎಷ್ಟೊತ್ತಿಗೆ ತಿಂತೀರಿ ಅನ್ನೋದು ಇನ್ನೊಂದು. ಏಳು ಗಂಟೆಗೆ ಉಂಡುಬಿಡ್ರಿ. ಬೆಣ್ಣೆ, ಕರಿದಿದ್ದು, ಸಿಹಿ, ಬ್ಯಾಡ."

ಇವರು ತಲೆ ಆಡಿಸಿದರು. ಇವರು ತಲೆ ಆಡಿಸಿದರೆ ನಾನು ನಂಬುವುದಿಲ್ಲ. ಆದರೆ ನಿಜ ಹೇಳುತ್ತೇನೆ, ಆ ದಿನ ಅನುಮಾನಕ್ಕಿಂತ ಮೊದಲು ಬಂದದ್ದು ಹೆದರಿಕೆ. ಪಾರ್ವತಕ್ಕನ, ಅಂದರೆ ಭಾವನ ಹೆಂಡತಿಯ, ಬರಿಗೈ ನೋಡಿ ಬಂದಿದ್ದೆ. ನೀರಿನ ತಂಬಿಗೆ ಎತ್ತುವಾಗ ಬಳೆಯ ಸದ್ದಿಲ್ಲದ ಆ ಕೈ ನನ್ನ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಈ ಮನುಷ್ಯ ನನಗೆ ಬೇಕಿತ್ತು.

ಮನೆಯಲ್ಲಿ ಹೊಸ ಕಾನೂನು ಬಂತು. ಅಂಗಡಿಯನ್ನು ಆರಕ್ಕೆಲ್ಲ ಕೆಲಸದವರಿಗೆ ಒಪ್ಪಿಸಿ ಬಸ್ಸು ಹತ್ತಬೇಕು. ಬಂದು ಸ್ನಾನ, ಲಿಂಗಪೂಜೆ, ಕೂಡಲೇ ಊಟ. ಎರಡು ಜೋಳದ ರೊಟ್ಟಿ, ಹಸಿ ಸೊಪ್ಪು, ಕಾಳಿನ ಪಲ್ಯ, ತೆಳು ಮಜ್ಜಿಗೆ. ಒಗ್ಗರಣೆಗೆ ಚಮಚೆಯ ಅಳತೆ. ಬೆಳಗಿನ ಪೂಜೆ ಮಾತ್ರ ನಮ್ಮತ್ತೆಯ ಕಾಲದಿಂದ ನಡೆದು ಬಂದ ಹಾಗೆಯೇ ನಡೆಯಿತು, ಅದರ ತಂಟೆಗೆ ನಾನು ಹೋಗಲಿಲ್ಲ. ಲಿಂಗಕ್ಕೆ ಹಾಲು, ಹಣ್ಣು, ತುಪ್ಪದ ನೈವೇದ್ಯ ಮಾಡಿ, ಪ್ರಸಾದ ತೆಗೆದುಕೊಂಡೇ ಇವರು ಮನೆಯ ಹೊಸ್ತಿಲು ದಾಟುವುದು.

ಸಂಜೆ ಇವರ ಊಟ ಮುಗಿದ ಮೇಲೆ ನನ್ನ ಕೆಲಸ ಇರುತ್ತಿತ್ತು. ಪಾತ್ರೆ, ಮರುದಿನದ ಕಾಳು ನೆನೆಹಾಕುವುದು, ರಾಣೆಬೆನ್ನೂರಿಗೆ ಕೊಟ್ಟ ಮಗಳ ಹತ್ತಿರ ಫೋನಿನಲ್ಲಿ ಅಪ್ಪನ ವರದಿ ಒಪ್ಪಿಸುವುದು, ಒಂದೆರಡು ಧಾರಾವಾಹಿ. ಆಮೇಲೆ ನನ್ನ ಪೂಜೆ, ನನ್ನ ಊಟ. ಗಂಡಸರಿಗೆ ಬಡಿಸಿ, ಅಡುಗೆಮನೆ ಬಳಿದು, ಆಮೇಲೆ ಉಣ್ಣುವುದು ನಮ್ಮತ್ತೆ ಕಲಿಸಿದ ಪಾಠ. ತಳಿಗೆಯಲ್ಲಿ ಒಂದು ಅಗುಳು ಬಿಡುವಂತಿಲ್ಲ. ಉಂಡ ಮೇಲೆ ತಳಿಗೆಗೆ ನೀರು ಹಾಕಿ ತೊಳೆದು ಕುಡಿಯಬೇಕು. ನೈವೇದ್ಯವಾದದ್ದು ಚೆಲ್ಲಬಾರದು ಎಂಬುದು ನಮ್ಮಲ್ಲಿ ರೊಟ್ಟಿ ಬಡಿಯುವುದಕ್ಕಿಂತ ಮೊದಲು ಕಲಿಯುವ ಮಾತು.

ಇನ್ನು ಅಂಗಿಯ ವಿಷಯ. ಕಾನೂನು ಬಂದು ಹದಿನೈದು ದಿನವೂ ಆಗಿರಲಿಲ್ಲ, ತೋಳಿನಲ್ಲಿ ಬೆಣ್ಣೆಯ ವಾಸನೆ ಸಿಕ್ಕಿತು. ಬರೀ ಬೆಣ್ಣೆಯಲ್ಲ, ಕಾದ ಕಾವಲಿಗೆ ಬಿದ್ದು ಅಂಚು ಕೆಂಪಾದ ಬೆಣ್ಣೆ, ಸೌದೆ ಹೊಗೆಯ ಜೊತೆಗೆ. ದಾವಣಗೆರೆಯಲ್ಲಿ ಹುಟ್ಟಿದ ಮೂಗಿಗೆ ಅದೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

"ದೋಸೆ ತಿಂದ್ರಾ?"

"ಇಲ್ಲ."

"ಅಂಗಿ ಹೇಳ್ತಾ ಐತೆ."

"ಅಂಗೀನೇ ಕೇಳು ಹಂಗಾದ್ರೆ" ಅಂದು ವಿಭೂತಿ ಹಚ್ಚಿಕೊಳ್ಳಲು ಹೋದರು. ಅವರು ಜಗಳವಾಡಿದ್ದರೆ ನಂಬುತ್ತಿದ್ದೆನೇನೋ. ಅಷ್ಟು ತಣ್ಣಗೆ ಹೇಳಿದ್ದರಿಂದಲೇ ಅನುಮಾನ ಗಟ್ಟಿಯಾಯಿತು.

ಒಂದು ಮಧ್ಯಾಹ್ನ ಹೇಳದೆ ಕೇಳದೆ ಹರಿಹರದ ಅಂಗಡಿಗೆ ಹೋದೆ. ಬೇಕೆಂದೇ ಊಟದ ಹೊತ್ತಿಗೆ. ಬಸ್ ನಿಲ್ದಾಣದ ಆಚೆ ಮೆಣಸಿನಕಾಯಿ ಕರಿಯುವ ಗಾಡಿ, ಮಂಡಕ್ಕಿ ಕಲಸುವ ಸದ್ದು. ಇವರು ಅಲ್ಲಿರುತ್ತಾರೆ ಎಂದು ಸೆರಗು ಸಿಕ್ಕಿಸಿಕೊಂಡೇ ಹೊರಟಿದ್ದೆ. ಇರಲಿಲ್ಲ. ಅಂಗಡಿಯ ಒಳಗೆ, ಪೈಪುಗಳ ನಡುವೆ ಸ್ಟೂಲಿನ ಮೇಲೆ ಕೂತು, ನಾನು ಕಟ್ಟಿಕೊಟ್ಟ ರೊಟ್ಟಿಯನ್ನು ಮೆಲ್ಲಗೆ ಅಗಿಯುತ್ತಿದ್ದರು. ನನ್ನನ್ನು ಕಂಡು, "ಬಾ, ಕೂಡು. ಅರ್ಧ ರೊಟ್ಟಿ ಐತೆ" ಎಂದರು. ಯಾರೋ ಫೋನು ಮಾಡಿ ಇವರಿಗೆ ಮೊದಲೇ ತಿಳಿಸಿದ್ದಾರೆ ಎಂದುಕೊಂಡೆ. ಯಾರು ಎಂಬುದು ಮಾತ್ರ ಹೊಳೆಯಲಿಲ್ಲ, ನಾನು ಯಾರಿಗೂ ಹೇಳಿರಲಿಲ್ಲವಲ್ಲ.

ಅಂಗಡಿಯಲ್ಲಿಲ್ಲ ಅಂದಮೇಲೆ ಭಾನುವಳ್ಳಿಯಲ್ಲಿ. ಅಣ್ಣ ಹೋದ ಮೇಲೆ ಗದ್ದೆಯ ಉಸ್ತುವಾರಿಗೆಂದು ಇವರು ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದರು. ಪಾರ್ವತಕ್ಕನ ಮನೆಯಲ್ಲಿ ಎಮ್ಮೆ, ದಿನಾ ಕಡೆಯುವ ಮಜ್ಜಿಗೆ, ಮುಷ್ಟಿ ಗಾತ್ರದ ಬೆಣ್ಣೆ. ದೀಪಾವಳಿ ಕಳೆದ ಮೇಲೆ ನಾನೇ ಹೊರಟೆ. ಬಸ್ಸಿಳಿದು ಕಾಲುವೆ ಏರಿಯ ಮೇಲೆ ಮನೆಯವರೆಗೆ ನಡೆಯುವಾಗ ಎರಡು ಸಲ ನಿಂತೆ. ಬೆನ್ನಿನಲ್ಲಿ, ರೆಕ್ಕೆಯ ಮೂಳೆಯ ನಡುವೆ, ಯಾರೋ ಹೆಬ್ಬೆರಳು ಒತ್ತಿದ ಹಾಗೆ. ಗ್ಯಾಸು, ನನಗೆ ಯಾವಾಗಲೂ ಇದ್ದದ್ದೇ. ಎರಡು ಓಂಕಾಳು ಬಾಯಿಗೆ ಹಾಕಿಕೊಂಡು ಮುಂದೆ ನಡೆದೆ.

ಪಾರ್ವತಕ್ಕ ಕಡಗೋಲು ತೊಳೆಯುತ್ತಿದ್ದಳು. ನಾನು ಸುತ್ತಿ ಬಳಸಿ ಕೇಳಲಿಲ್ಲ.

"ಅಕ್ಕಾ, ಇವ್ರು ಬಂದಾಗ ಬೆಣ್ಣೆ ಏನಾದ್ರೂ ಕೊಡ್ತೀಯೇನು?"

ಅವಳು ಕೈ ಒರೆಸಿಕೊಂಡು ನನ್ನನ್ನೇ ನೋಡಿದಳು. "ನಿನ್ ಗಂಡ ಇಲ್ಲಿ ಬರೀ ಮಜ್ಜಿಗಿ ಕುಡೀತಾನೆ ಗಿರಿಜಾ. ನಾ ಬೆಣ್ಣಿ ಉಣ್ಣಿಸಿ ಉಣ್ಣಿಸಿ ಅವರನ್ನ ಕಳಕೊಂಡೆ ಅಂತ ಊರಾಗೆ ಆಡ್ಕೊಂತಾರೆ. ನೀನೂ ಅನ್ನು. ಮನೆ ಮಂದಿ ಒಬ್ರು ಬಾಕಿ ಇದ್ರು."

ಹಾಗಲ್ಲ ಅಕ್ಕಾ, ಎಂದೆ. ಹಾಗೆಯೇ ಎಂಬುದು ಇಬ್ಬರಿಗೂ ಗೊತ್ತಿತ್ತು. ಹೊರಡುವಾಗ ಅವಳು ಸ್ಟೀಲಿನ ಡಬ್ಬಿಯ ತುಂಬ ಬೆಣ್ಣೆ ತಂದು ನನ್ನ ಚೀಲಕ್ಕಿಟ್ಟಳು. "ಅವನಿಗೆ ಕೊಡಬ್ಯಾಡ. ನೀ ಉಣ್ಣು. ಇಷ್ಟು ದಿನ ಎರಡು ಕೈ ಉಣ್ಣೋವು, ಈಗ ಈ ಮನಿಯಾಗೆ ಬೆಣ್ಣಿ ಯಾರಿಗೆ?" ಬೇಡ ಎನ್ನುವ ಬಾಯಿ ನನಗಿರಲಿಲ್ಲ. ಆ ಮೇಲೆ ಪ್ರತಿ ವಾರ ಇವರ ಕೈಯಲ್ಲೇ ಡಬ್ಬಿ ಬರತೊಡಗಿತು. ನಾನು ಮುಚ್ಚಳ ತೆಗೆದು ಬೆಣ್ಣೆಯ ಮೇಲೆ ಬೆರಳ ಗುರುತು ಇದೆಯೇ ಎಂದು ನೋಡುತ್ತಿದ್ದೆ. ಇರುತ್ತಿರಲಿಲ್ಲ. ಕಾಸಿ ತುಪ್ಪ ಮಾಡಿ, ನನ್ನ ರಾತ್ರಿಯ ಪೂಜೆಗೆ ನೈವೇದ್ಯಕ್ಕಿಟ್ಟು, ಬಿಸಿ ಅನ್ನಕ್ಕೆ ಹಾಕಿಕೊಂಡು ಮುಗಿಸುತ್ತಿದ್ದೆ. ಸಂಕ್ರಾಂತಿಗೆ ಮಾಡಿದ ಹೋಳಿಗೆಯಲ್ಲಿ ಇವರಿಗೆ ಕೊಟ್ಟದ್ದು ಅರ್ಧ. ಉಳಿದದ್ದು ಚೆಲ್ಲುವಂಥದ್ದೇ?

ಚಳಿ ಇಳಿಯುವ ಹೊತ್ತಿಗೆ ಎರಡನೇ ಸಲ ರಕ್ತ ಕೊಟ್ಟು ಬಂದರು. ಕೆಟ್ಟ ಕೊಲೆಸ್ಟ್ರಾಲು ಸ್ವಲ್ಪ ಇಳಿದಿತ್ತು. ಆದರೆ ಆ ಟ್ರೈಗ್ಲಿಸರೈಡು ಜಾಗ ಬಿಟ್ಟು ಕದಲಿರಲಿಲ್ಲ. ನಾನು ರಿಪೋರ್ಟನ್ನು ಊಟದ ಮಣೆಯ ಪಕ್ಕ ಇಟ್ಟೆ.

"ಈಗ ಹೇಳ್ರಿ. ಎಲ್ಲಿ ತಿಂತೀರಿ?"

"ಎಲ್ಲೂ ಇಲ್ಲ."

"ನಾ ಹಾಕಿದ್ದು ತಿಂದ್ರೆ ಇದು ಹೆಂಗೆ ಬಂತು? ಗಾಳಿ ಕುಡಿದ್ರೆ ಕೊಬ್ಬು ಬರ್ತದಾ?"

"ನನಗೇನ್ ಗೊತ್ತಲೇ. ನನ್ ಮೈ, ನನಗೇ ಸುಳ್ಳು ಹೇಳ್ತಾ ಐತೇನೋ."

"ಅಣ್ಣನ ಹಿಂದೆ ಹೋಗೋ ಆಸೆ ಇದ್ರೆ ನೆಟ್ಟಗೆ ಹೇಳಿಬಿಡ್ರಿ. ನಾನೂ ಬಳೆ ಬಿಚ್ಚಿಟ್ಟು ಕೂಡ್ತೀನಿ."

ಅವರು ಅರ್ಧ ರೊಟ್ಟಿ ಬಿಟ್ಟು ಎದ್ದರು. ತಳಿಗೆಯಲ್ಲಿ ಬಿಡದ ಮನುಷ್ಯ ಬಿಟ್ಟು ಎದ್ದರು. ಆ ಅರ್ಧ ರೊಟ್ಟಿಯನ್ನೂ ನಾನೇ ತಿಂದೆ, ಅಳುತ್ತಾ.

ಉಳಿದಿದ್ದ ಒಂದೇ ಸಂದು ಬೆಳಗಿನ ವಾಕಿಂಗು. ಡಾಕ್ಟರು ನಡೆಯಿರಿ ಎಂದಾಗಿನಿಂದ ಇವರು ದಿನಾ ಆವರಗೆರೆಯ ಕಡೆ ಹೋಗಿ ಬರುತ್ತಿದ್ದರು. ಒಂದು ದಿನ ನಾನು ದೂರದಲ್ಲಿ ಹಿಂದೆ ಬಿದ್ದೆ. ಕೈಯಲ್ಲಿ ಹಾಲಿನ ಪಾತ್ರೆ, ಯಾರಾದರೂ ಕೇಳಿದರೆ ಹಾಲಿಗೆ ಹೊರಟೆ ಎನ್ನಲು. ಇವರು ಹೊಸ ಸೈಟುಗಳನ್ನು ದಾಟಿ, ತಿರುಗಿ ಬರುವಾಗ ದೊಡ್ಡ ರಸ್ತೆಗೆ ಹೊರಳಿದರು. ಅಲ್ಲೊಂದು ದೋಸೆ ಹೋಟೆಲು, ಆಗಷ್ಟೇ ಒಲೆ ಹೊತ್ತಿಸಿದ್ದರು. ಸಿಕ್ಕಿಬಿದ್ದರಲ್ಲ ಎಂದುಕೊಂಡೆ. ಆ ಕ್ಷಣಕ್ಕೆ ನನಗೆ ಸಿಟ್ಟಿಗಿಂತ ಒಂಥರಾ ನೆಮ್ಮದಿಯೇ ಆಯಿತು. ಕಾರಣ ಸಿಕ್ಕರೆ ಮನುಷ್ಯ ಉಳಿಯುತ್ತಾನೆ.

ಇವರು ಒಳಗೆ ಹೋಗಲಿಲ್ಲ. ಹೊಗೆ ಹೊರಬರುವ ಕಿಟಕಿಯ ಹತ್ತಿರ ಗೋಡೆಗೆ ಒರಗಿ ನಿಂತರು, ಕೈ ಕಟ್ಟಿಕೊಂಡು, ಕಣ್ಣು ಮುಚ್ಚಿಕೊಂಡು. ಒಳಗೆ ಬೆಣ್ಣೆ ಚುಂಯ್ ಎಂದಾಗಲೆಲ್ಲ ಇವರ ಎದೆ ಏರಿ ಇಳಿಯುತ್ತಿತ್ತು. ನಾನು ಎದುರಿಗೆ ಹೋಗಿ ನಿಂತೆ. ಕಣ್ಣು ತೆರೆದು, ಹಾಲಿನ ಪಾತ್ರೆ ನೋಡಿ, ನನ್ನನ್ನು ನೋಡಿದರು.

"ವಾಸನೆ ನೋಡೋದಕ್ಕೂ ಡಾಕ್ಟ್ರು ಬ್ಯಾಡ ಅಂದಾರೇನು?"

ಹೋಟೆಲಿನವನು ಒಳಗಿನಿಂದಲೇ ನಕ್ಕ. "ದಿನಾ ಹಿಂಗೇ ನಿಂತು ಹೋಗ್ತಾರಮ್ಮ. ಒಂದು ದಿನ ಪುಗಸಟ್ಟೆ ಕೊಡ್ತೀನಿ ಬರ್ರಿ ಅಂದ್ರೂ ಬರಂಗಿಲ್ಲ." ಅವನು ಇವರ ಕಡೆಯವನಿರಬಹುದು ಎಂದು ಮನೆಯವರೆಗೂ ಅನುಮಾನಿಸಿಕೊಂಡೇ ಬಂದೆ. ಆದರೆ ಆ ಮುಚ್ಚಿದ ಕಣ್ಣು ಸುಳ್ಳಲ್ಲ ಎಂದು ಒಳಗೆಲ್ಲೋ ಗೊತ್ತಿತ್ತು. ಗೊತ್ತಾದ ಮೇಲೆ ಹೆದರಿಕೆ ಜಾಸ್ತಿಯೇ ಆಯಿತು. ಕದ್ದು ತಿನ್ನದವರಿಗೂ ಇಳಿಯದ ಕೊಬ್ಬು ಎಂಥದ್ದು?

ಯುಗಾದಿಯ ಮುಂಚೆ ಮೂರನೇ ಸಲದ ರಕ್ತ. ಈ ಸಲ ನಾನೂ ಜೊತೆಗೆ ಹೊರಟೆ. ಲ್ಯಾಬಿನವರೇ ಏನೋ ಆಟವಾಡುತ್ತಿದ್ದಾರೆ ಎಂಬ ಹೊಸ ಅನುಮಾನ ಹುಟ್ಟಿತ್ತು. ಅವಸರದಲ್ಲಿ ನನ್ನ ಬೆಳಗಿನ ಪೂಜೆಯನ್ನೂ ಮಾಡದೆ, ನೀರನ್ನಷ್ಟೇ ಕುಡಿದು ಹೊರಟಿದ್ದೆ. ಲ್ಯಾಬು ಡಾಕ್ಟರ ಕೋಣೆಯ ಪಕ್ಕದಲ್ಲೇ. ಸೂಜಿ ಹಿಡಿದ ಹುಡುಗಿ, "ಖಾಲಿ ಹೊಟ್ಟೇನಾ?" ಎಂದಳು. ಇವರು, "ಹೂಂ" ಎಂದರು. ಅಷ್ಟರಲ್ಲಿ ಡಾಕ್ಟರೇ ಬಾಗಿಲಿಗೆ ಬಂದರು, ಹಳೆಯ ರಿಪೋರ್ಟು ಅವರಿಗೂ ತಲೆ ತಿನ್ನುತ್ತಿತ್ತಂತೆ.

"ಯಜಮಾನ್ರೆ, ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡಿದ್ರಿ? ಒಂದೊಂದಾಗಿ ಹೇಳ್ರಿ."

"ಎದ್ದೆ. ಸ್ನಾನ ಮಾಡಿದೆ. ಪೂಜೆ ಮಾಡ್ಕೊಂಡೆ. ಪ್ರಸಾದ ತಗಂಡೆ. ಬಂದೆ."

"ಪ್ರಸಾದ ಅಂದ್ರೆ?"

ಇದಕ್ಕೆ ನಾನೇ ಉತ್ತರ ಕೊಟ್ಟೆ, ಸ್ವಲ್ಪ ಬಿಂಕದಿಂದಲೇ. "ನಮ್ಮತ್ತೆ ಕಾಲದಿಂದ ಬಂದದ್ರಿ. ಗಟ್ಟಿ ಹಾಲು, ಸಕ್ಕರೆ, ಬಾಳೆಹಣ್ಣು, ಎರಡು ಚಮಚೆ ತುಪ್ಪ. ಒಂದು ಬಟ್ಟಲು. ಒಂದಿನಾನೂ ತಪ್ಪಿಸಿಲ್ಲ."

"ಹೋದ ಸಲ ರಕ್ತ ಕೊಡೋ ದಿನಾನೂ?"

"ಅಯ್ಯ, ಪೂಜೆ ಬಿಡಾಕಾಗ್ತದೇನ್ರಿ?"

ಡಾಕ್ಟರು ಸೂಜಿ ಹಿಡಿದ ಹುಡುಗಿಗೆ ಕೈ ಸನ್ನೆ ಮಾಡಿ ನಿಲ್ಲಿಸಿದರು. ಆಮೇಲೆ ಅಲ್ಲಿದ್ದ ಕುರ್ಚಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ಅಮ್ಮಾ, ಹಾಲು, ಸಕ್ಕರೆ, ತುಪ್ಪ ಕುಡಿಸಿ ಕರ್ಕೊಂಡು ಬಂದು ಖಾಲಿ ಹೊಟ್ಟೆ ಅಂತೀರಲ್ಲ. ಈ ಕೊಬ್ಬು ತಿಂದ ಸ್ವಲ್ಪ ಹೊತ್ತಿಗೇ ರಕ್ತದಾಗೆ ಏರ್ತದೆ. ಪ್ರಸಾದ ಯಾವ್ದು, ತಿಂಡಿ ಯಾವ್ದು ಅಂತ ರಕ್ತಕ್ಕೆ ಗೊತ್ತಾಗಂಗಿಲ್ಲ."

ಪ್ರಸಾದ ಊಟವಲ್ಲ. ಇದು ನಮ್ಮ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಾದ ವಿಷಯವೇ ಅಲ್ಲ. ಉಪವಾಸವಿದ್ದವರೂ ಪ್ರಸಾದ ತೆಗೆದುಕೊಳ್ಳುತ್ತಾರೆ. ಬಸ್ಸು, ಅಂಗಡಿ, ಭಾನುವಳ್ಳಿ, ಆವರಗೆರೆ ಎಲ್ಲ ತಿರುಗಿ ಹುಡುಕಿದ ಬೆಣ್ಣೆಯನ್ನು ನಾನೇ ಬೆಳ್ಳಿ ಬಟ್ಟಲಿನಲ್ಲಿ ಕೊಟ್ಟು, ಕೈಮುಗಿದು ಕಳಿಸುತ್ತಿದ್ದೆ.

ಇವರಿಗೆ ಇಷ್ಟು ದಿನ ನುಂಗಿದ್ದು ಆಗ ಬಾಯಿಗೆ ಬಂತು. "ನನ್ ರಕ್ತ ನಾಳೆ ತಗೀರಿ ಡಾಕ್ಟ್ರೆ, ನೆಟ್ಟಗೆ ಖಾಲಿ ಹೊಟ್ಟೇಲಿ ಬರ್ತೀನಿ. ಇವತ್ತು ಇವಳದ್ದು ತಗೀರಿ. ಬರೀ ನನ್ನೇ ಮೂಸ್ತಾಳೆ. ಇವಳ ಹೊಟ್ಟೇಲಿ ಏನೈತೆ ಅದೂ ಗೊತ್ತಾಗ್ಲಿ."

"ನನಗೇನಾಗೈತಿ?" ಎಂದೆ. ಆದರೂ ತೋಳು ಚಾಚಿದೆ. ಹಿಂದೆ ಸರಿದರೆ ಇವರಿಗೆ ಅನುಮಾನ ಬರುತ್ತದಲ್ಲ.

ಇವರು ಮರುದಿನ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ಬಂದರು, ರಿಪೋರ್ಟಿನಲ್ಲಿ ಹೆಚ್ಚುಕಡಿಮೆ ಎಲ್ಲ ಅಂಕೆಗೆ ಇಳಿದಿತ್ತು. ನನ್ನದನ್ನು ಡಾಕ್ಟರು ಎರಡು ಸಲ ಓದಿದರು. ನಕ್ಕವರು ಈ ಸಲ ನಗಲಿಲ್ಲ. ಶುರುವಿನಲ್ಲಿ ಇವರಿಗಿದ್ದದ್ದಕ್ಕಿಂತ ನನ್ನದು ಮೇಲಿತ್ತು, ಎಲ್ಲ ತರಹದ ಕೊಬ್ಬೂ.

"ಇದು ನಂದಲ್ಲ. ಅದಲು ಬದಲಾಗೈತೆ" ಎಂದೆ. ಹುಡುಗಿ ಹೆಸರು ಬರೆಯುವಾಗ ಫೋನು ನೋಡುತ್ತಿದ್ದಳು, ನಾನೇ ಕಂಡಿದ್ದೆ ಎಂದೂ ಸೇರಿಸಿದೆ. ಡಾಕ್ಟರು ಜಗಳಕ್ಕೆ ಬರಲಿಲ್ಲ. "ಇರಬಹುದಮ್ಮ. ಬೇರೆ ಕಡೆ ಮಾಡ್ಸಿ ಬರ್ರಿ" ಎಂದರು. ಬೇರೆ ಕಡೆ ಹೋದೆ. ಶೀಶೆಗೆ ನನ್ನ ಹೆಸರು ಅಂಟಿಸುವವರೆಗೆ ಮೇಜಿನ ಹತ್ತಿರದಿಂದ ಕದಲಲಿಲ್ಲ. ಬಂದದ್ದು ಅದೇ.

ಆಗ ಡಾಕ್ಟರು ಕೇಳಿದರು. ರಾತ್ರಿ ಎಷ್ಟೊತ್ತಿಗೆ ಉಣ್ಣುತ್ತೀರಿ? ಏನು ಉಣ್ಣುತ್ತೀರಿ? ಉಂಡು ಎಷ್ಟೊತ್ತಿಗೆ ಮಲಗುತ್ತೀರಿ? ಹತ್ತು ಗಂಟೆಗೆ, ತುಪ್ಪ ಹಾಕಿದ ಅನ್ನ, ಉಂಡ ಕೂಡಲೇ ಎಂದು ನಾನು ಹೇಳುತ್ತಾ ಹೋದ ಹಾಗೆ ಪಕ್ಕದಲ್ಲಿ ಕೂತ ಇವರ ಮುಖ ಬಣ್ಣಗೆಡುತ್ತಾ ಹೋಯಿತು. ಬೆನ್ನಿನ ನೋವನ್ನೂ ಹೇಳಿದೆ, ಮಹಡಿ ಮೆಟ್ಟಿಲು ಹತ್ತಿದರೆ ದವಡೆಯವರೆಗೆ ಬರುತ್ತದೆ ಎಂದೂ. "ಗ್ಯಾಸಿಂದು" ಎಂದೆ.

"ಹೆಂಗಸರಿಗೆ ಹೃದಯದ ನೋವು ಎದೇಲೇ ಬರಬೇಕು ಅಂತಿಲ್ಲಮ್ಮ" ಎಂದು ಡಾಕ್ಟರು ಅಲ್ಲಿಂದಲೇ ದೊಡ್ಡಾಸ್ಪತ್ರೆಗೆ ಫೋನು ಮಾಡಿದರು.

ಅಲ್ಲಿಯೂ ನಾನು ಸುಮ್ಮನಿರಲಿಲ್ಲ. ಪರದೆಯ ಮೇಲೆ ರಕ್ತನಾಳ ತೋರಿಸಿ, ಇಲ್ಲಿ ಕಟ್ಟಿಕೊಂಡಿದೆ ಎಂದಾಗ, ಅದು ನನ್ನದೇ ಎಂದು ಹೇಗೆ ನಂಬಲಿ ಎಂದು ಕೇಳಿದೆ. ಎಳೆಯ ಡಾಕ್ಟರು, "ನೀವು ಉಸಿರು ಜೋರಾಗಿ ಎಳಕೊಳ್ರಿ, ಅದೂ ಕೆಳಗೆ ಸರೀತದೆ" ಎಂದರು. ಎಳೆದುಕೊಂಡೆ. ಸರಿಯಿತು. ಬಿಟ್ಟೆ. ಮೇಲೆ ಬಂತು. ನನ್ನದೇ ಆಗಿತ್ತು. ಅದೇ ದಿನ ಸ್ಟೆಂಟು ಹಾಕಿದರು. ಇನ್ನೊಂದು ನಾಟಿಯವರೆಗೆ ಬಿಟ್ಟಿದ್ದರೆ ಭಾವನ ಹಾಗೆಯೇ ಆಗುತ್ತಿತ್ತು ಎಂದು ಇವರಿಗೆ ಹೇಳಿದರಂತೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಇವರು ಗೋಡೆಗೆ ಒರಗಿ, ಕಣ್ಣು ಮುಚ್ಚಿ ನಿಂತಿದ್ದರು ಎಂದು ಮಗಳು ಹೇಳಿದಳು. ಯಾವ ಗೋಡೆ, ಹೇಗೆ ನಿಂತಿದ್ದರು, ನನಗೆ ಕಣ್ಣಿಗೆ ಕಟ್ಟಿತು. ಅತ್ತುಬಿಟ್ಟೆ.

ಪಾರ್ವತಕ್ಕ ನೋಡಲು ಬಂದವಳು ಬೆಣ್ಣೆಯ ವಿಷಯ ತೆಗೆದು ಕಣ್ಣು ಒರೆಸಿಕೊಂಡಳು. ನಾನು ಅವಳ ಕೈ ಹಿಡಿದು, "ಅಕ್ಕಾ, ನೀ ಕೊಟ್ಟಿದ್ದು ಒಂದು ಡಬ್ಬಿ ಬೆಣ್ಣೆ. ಹತ್ತು ಗಂಟೆಗೆ ಒಬ್ಳೇ ಕೂತು ಉಣ್ಣು ಅಂತ ನೀ ಹೇಳಿರಲಿಲ್ಲ" ಎಂದೆ. ಈಗ ಅವಳು ಮಜ್ಜಿಗೆ ಕಳಿಸುತ್ತಾಳೆ, ಬೆಣ್ಣೆಯನ್ನು ಊರಿನ ಹೋಟೆಲಿಗೆ ಕೊಡುತ್ತಾಳೆ.

ಬಸ್ಸಿನ ಆ ಹೆಂಗಸು ಹರಿಹರದಲ್ಲಿ ನನ್ನ ಜೊತೆಗೇ ಇಳಿದಳು. ನಾನು ಅಂಗಡಿಗೆ ಹೋಗಿ ಒಂದಷ್ಟು ಹೊತ್ತು ಕೂತು, ಸಂಜೆ ಇಬ್ಬರೂ ಒಟ್ಟಿಗೆ ಮನೆಗೆ ಬಂದೆವು. ಆಸ್ಪತ್ರೆಯಿಂದ ಬಂದ ದಿನದಿಂದ ನಮ್ಮ ಮನೆಯಲ್ಲಿ ಇವರ ಕಾನೂನು ನಡೆಯುತ್ತಿದೆ. ಬೆಳಗಿನ ಪ್ರಸಾದ ಒಂದು ಕಲ್ಲುಸಕ್ಕರೆ ಹರಳು, ಎರಡು ದ್ರಾಕ್ಷಿ. ಸಂಜೆ ಪೂಜೆಗೆ ಇಬ್ಬರೂ ಒಟ್ಟಿಗೆ ಕೂರಬೇಕು, ಆಮೇಲೆ ಎರಡು ತಳಿಗೆ ಒಟ್ಟಿಗೆ ಬೀಳಬೇಕು. ಮೊದಮೊದಲು, ನೀವು ಉಣ್ಣಿರಿ, ನನ್ನದು ಆಮೇಲೆ ಎಂದೆ. ಇವರು ತಮ್ಮ ತಳಿಗೆಯನ್ನು ದೂರ ತಳ್ಳಿ ಕೈ ಕಟ್ಟಿ ಕೂತರು. ಮದುವೆಯಾದಾಗಿನಿಂದ ಇವರು ಉಣ್ಣುವುದನ್ನು ನಾನು ನಿಂತೇ ನೋಡಿದ್ದು. ಎದುರಿಗೆ ಕೂತು ಉಂಡಾಗಲೇ, ಇವರು ಮೊದಲು ಪಲ್ಯವನ್ನು ಮುಗಿಸಿ ಆಮೇಲೆ ರೊಟ್ಟಿ ಮುರಿಯುತ್ತಾರೆ ಎಂಬುದು ಈ ವಯಸ್ಸಿಗೆ ಗೊತ್ತಾಯಿತು.

ಆ ಸಂಜೆ ಊಟಕ್ಕೆ ಕೂರುವ ಮುಂಚೆ, ಬಸ್ಸಿನಲ್ಲಿ ಬೆಣ್ಣೆ ದೋಸೆಯ ವಾಸನೆ ಬಂತು ಎಂದೆ. ಇವರು ನನ್ನ ಬಲಗೈ ಎಳೆದುಕೊಂಡು, ಬೆರಳ ತುದಿಗಳನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಆಮೇಲೆ ಸೀರೆಯ ಸೆರಗು.

"ಯಾಕ, ನಂಬಿಕೆ ಇಲ್ಲೇನು?" ಎಂದೆ.

"ಇಲ್ಲ" ಎಂದರು. ಇನ್ನೊಂದು ಸಲ ಮೂಸಿದರು, ನನ್ನ ತಳಿಗೆಯನ್ನು ತಮ್ಮ ತಳಿಗೆಯ ಪಕ್ಕಕ್ಕೆ ಎಳೆದು ಇಟ್ಟರು.